ಕಿಡಿ ಮೇಷ್ಟ್ರ ತಪ್ಪೊಪ್ಪಿಗೆ

ಶ್ರೀನಿವಾಸಪುರದ ಖಬರಸ್ತಾನದಲ್ಲಿ ಅವರ ಮೇಲೆ ಮೂರು ಹಿಡಿ ಮಣ್ಣು ಹಾಕಿ ಬಂದು ಇಪ್ಪತ್ತು ದಿನವಾಯಿತು. ಹನ್ನೊಂದು ವರ್ಷ ಒಂದೇ ಸ್ಟಾಫ್ ರೂಮಿನಲ್ಲಿ ಎದುರುಬದುರು ಮೇಜು ಹಾಕಿಕೊಂಡು ಕೂತವರು ನಾವು. ಅಷ್ಟು ವರ್ಷದ ಸ್ನೇಹದಲ್ಲಿ ಅವರು ನನ್ನಿಂದ ಕೇಳಿದ್ದು ಒಂದೇ ಒಂದು ಉಪಕಾರ. ಅದನ್ನು ನಾನು ಮಾಡಲಿಲ್ಲ.

ಕೋಲಾರದ ಹೊರಗೆ, ಹೆದ್ದಾರಿಯಿಂದ ಸ್ವಲ್ಪ ಒಳಕ್ಕೆ, ತಗಡಿನ ಸೂರಿನ ಒಂದು ವರ್ಕ್‌ಶಾಪು ಮತ್ತು ನಾಲ್ಕು ಕ್ಲಾಸ್ ರೂಮು ಇರುವ ಖಾಸಗಿ ತರಬೇತಿ ಸಂಸ್ಥೆ ನಮ್ಮದು. ನಾನು ಡ್ರಾಯಿಂಗು ಮತ್ತು ಲೆಕ್ಕ ಹೇಳಿಕೊಡುತ್ತಿದ್ದೆ. ಅವರು ಮೋಟಾರ್ ಮೆಕ್ಯಾನಿಕ್ ವಿಭಾಗದ ಮೇಷ್ಟ್ರು. ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಕಡೆಯಿಂದ ಬಸ್ಸು ಹಿಡಿದು ಬರುತ್ತಿದ್ದ ಹುಡುಗರು ಅವರಿಗೆ ಇಟ್ಟ ಹೆಸರು ಕಿಡಿ ಮೇಷ್ಟ್ರು. ಇಂಜಿನ್ನಿನ ಒಳಗೆ ಪೆಟ್ರೋಲಿಗೆ ಬೆಂಕಿ ಹಚ್ಚುವ ಕಿಡಿಯ ಪಾಠ ಶುರುವಾಯಿತೆಂದರೆ ಅವರಿಗೆ ಬೆಲ್ಲು ಹೊಡೆದದ್ದೂ ಕೇಳಿಸುತ್ತಿರಲಿಲ್ಲ. ಮುಂದಿನ ಪೀರಿಯಡ್ ನನ್ನದಾಗಿದ್ದರೆ ಬಾಗಿಲಲ್ಲಿ ನಿಂತು ಕೆಮ್ಮಬೇಕಿತ್ತು. "ಬನ್ನಿ ಡ್ರಾಯಿಂಗ್ ಮೇಷ್ಟ್ರೇ, ನೀವೂ ಕೂತ್ಕಳಿ, ಎರಡೇ ನಿಮಿಷ" ಎನ್ನುವರು. ಅದು ಇಪ್ಪತ್ತು ನಿಮಿಷವಾಗುತ್ತಿತ್ತು.

ಸಣಕಲು ಆಳು. ಅಂಗಿಯ ಜೇಬಿನಲ್ಲಿ ಪೆನ್ನಿರಬೇಕಾದ ಜಾಗದಲ್ಲಿ ಎರಡು ಮೂರು ಹಳೆಯ ಸ್ಪಾರ್ಕ್ ಪ್ಲಗ್ಗುಗಳು. ಅವುಗಳ ಭಾರಕ್ಕೆ ಜೇಬು ಯಾವಾಗಲೂ ಜೋತುಬಿದ್ದಿರುತ್ತಿತ್ತು. ಹಾಜರಿ ಹಾಕಲು ಪೆನ್ನು ಬೇಕಾದಾಗ ನನ್ನ ಮೇಜಿಗೆ ಕೈ ಚಾಚುವರು. ಯಾರಾದರೂ ಗಾಡಿಯ ರೋಗ ಹೇಳಿಕೊಂಡು ಬಂದರೆ ಮಾತು ಪೂರ್ತಿ ಕೇಳುವ ಮೊದಲೇ ಪ್ಲಗ್ಗು ಬಿಚ್ಚಿ, ಎಡಗಣ್ಣು ಮುಚ್ಚಿಕೊಂಡು ಅದರ ತುದಿ ನೋಡುವರು. "ಪ್ಲಗ್ಗು ಅಂದ್ರೆ ಇಂಜಿನ್ನಿನ ನಾಲಿಗೆ ಕಣ್ರೋ. ಡಾಕ್ಟ್ರು ಮೊದ್ಲು ನಾಲಿಗೆ ನೋಡ್ತಾರಲ್ಲ, ಹಂಗೆ" ಎಂದು ಹುಡುಗರಿಗೆ ಹೇಳುವರು.

ನಾನು ವಕ್ಕಲೇರಿಯವನು, ಹಸು ಕರೆಯುವ ಮನೆಯಲ್ಲಿ ಬೆಳೆದವನು. ಇಂಜಿನ್ನೆಂದರೆ ನನಗೆ ಕೀಲಿ ತಿರುಗಿಸುವುದು, ಹೊರಡುವುದು, ಅಷ್ಟೇ. ಆದರೂ ಇವತ್ತಿನ ಟರ್ಬೋ ಕಾರಿನಲ್ಲಿ ಕಿಡಿ ಹೇಗೆ ಹುಟ್ಟುತ್ತದೆಂದು ನಾನು ಯಾರಿಗೆ ಬೇಕಾದರೂ ಹೇಳಬಲ್ಲೆ. ಬಾಗಿಲಲ್ಲಿ ನಿಂತು ಅಷ್ಟು ಸಲ ಕೇಳಿದ್ದೇನೆ.

"ಹಿಂದೆ ಹೆಂಗಿತ್ತು?" ಎಂದು ಶುರುಮಾಡುವರು. "ನಾಲ್ಕು ಸಿಲಿಂಡರ್, ಒಂದೇ ಕಾಯಿಲ್. ಊಟದ ಪಂಕ್ತೀಲಿ ಒಬ್ಬನೇ ಸಾರಿನ ಬಕೇಟು ಹಿಡ್ಕೊಂಡು ನಾಲ್ಕು ಎಲೆಗೂ ಓಡಾಡಿದಂಗೆ. ಈಗ ಪ್ರತಿ ಎಲೆ ಮುಂದೇನೂ ಒಂದು ಬಕೇಟು. ಒಂದೊಂದು ಪ್ಲಗ್ಗಿನ ತಲೆ ಮೇಲೂ ಅದರದೇ ಕಾಯಿಲ್ ಕೂತಿರ್ತದೆ. ಯಾವಾಗ ಬಡಿಸ್ಬೇಕು ಅಂತ ಹೇಳೋನು ಮಾತ್ರ ಒಬ್ನೇ, ಕಂಪ್ಯೂಟರ್ರು. ಇಂಜಿನ್ ಎಲ್ಲಿ ತಿರುಗ್ತಾ ಇದೆ ಅಂತ ಒಂದು ಸೆನ್ಸರ್ ಅವನಿಗೆ ಹೇಳ್ತಾ ಇರ್ತದೆ. ಅವನು ಕಣ್ಣು ರೆಪ್ಪೆ ಬಡಿಯೋದಕ್ಕಿಂತ ಎಷ್ಟೋ ಕಮ್ಮಿ ಹೊತ್ತು ಕಾಯಿಲ್‌ಗೆ ಕರೆಂಟ್ ತುಂಬಿಸ್ತಾನೆ, ತಟ್ ಅಂತ ಕಡೀತಾನೆ. ಕಡಿದ ಆ ಗಳಿಗೇಲೇ ಹನ್ನೆರಡು ವೋಲ್ಟು ಹೋಗಿ ಮೂವತ್ತು ಸಾವಿರ ಆಗ್ತದೆ. ಕಿಡಿ ಹಾರ್ತದೆ."

ಆಮೇಲೆ ಟರ್ಬೋ. ಇಂಜಿನ್ ಬಿಟ್ಟ ಹೊಗೆಯಿಂದಲೇ ಒಂದು ಫ್ಯಾನು ತಿರುಗಿಸಿ, ಆ ಫ್ಯಾನಿನಿಂದ ಇಂಜಿನ್ನಿಗೆ ಇನ್ನಷ್ಟು ಗಾಳಿ ತುರುಕುವುದು. ಸಣ್ಣ ಇಂಜಿನ್ನು ದೊಡ್ಡದರಂತೆ ಎಳೆಯುತ್ತದೆ. ಆದರೆ ಗಾಳಿ ಒತ್ತಿ ತುಂಬಿದಷ್ಟೂ ಕಿಡಿಗೆ ಹಾರುವುದು ಕಷ್ಟ. ಇದನ್ನು ತೋರಿಸಲು ಅವರೇ ಒಂದು ಸಾಧನ ಮಾಡಿಕೊಂಡಿದ್ದರು. ದಪ್ಪ ಪಾರದರ್ಶಕ ಕೊಳವೆ, ಒಂದು ತುದಿಯಲ್ಲಿ ಪ್ಲಗ್ಗು, ಇನ್ನೊಂದು ತುದಿಯಲ್ಲಿ ಸೈಕಲ್ ಪಂಪು, ಪಕ್ಕದಲ್ಲಿ ಬ್ಯಾಟರಿ ಮತ್ತು ಬೇಕೆಂದೇ ಇಟ್ಟುಕೊಂಡಿದ್ದ ಒಂದು ಸೊರಗಿದ ಕಾಯಿಲ್. ಸ್ವಿಚ್ಚು ಒತ್ತಿದರೆ ಕೊಳವೆಯೊಳಗೆ ಟಕ ಟಕ ಎಂದು ನೀಲಿ ಕಿಡಿ. "ಪ್ಲಗ್ಗು ಚೆನ್ನಾಗಿದ್ಯಾ?" ಎಂದು ಕೇಳುವರು. ಹುಡುಗರು ಚೆನ್ನಾಗಿದೆ ಎನ್ನುವರು. "ಕಾಯಿಲ್ಲು?" ಅದೂ ಚೆನ್ನಾಗಿದೆ. "ಹಂಗಾದ್ರೆ ಪಂಪು ಹೊಡಿ." ಒಬ್ಬ ಹೊಡೆಯಲು ಶುರುಮಾಡುವನು. ಹತ್ತು ಸಲ ಒತ್ತುವಷ್ಟರಲ್ಲಿ ಕಿಡಿ ತಡವರಿಸುವುದು, ಹದಿನೈದಕ್ಕೆ ನಿಂತೇಹೋಗುವುದು.

"ನೋಡಿದ್ರಾ? ನಿಂತ ಗಾಡೀಲಿ, ಖಾಲಿ ಓಡೋ ಇಂಜಿನ್ನಲ್ಲಿ, ಸೊರಗಿದ ಕಾಯಿಲ್ಲೂ ಕಿಡಿ ಕೊಡ್ತದೆ. ಏರು ಹತ್ತುವಾಗ, ಟರ್ಬೋ ಊದುವಾಗ, ಕೈ ಕೊಡ್ತದೆ. ಅದ್ಕೇ ಟರ್ಬೋ ಗಾಡೀಗೆ ಪ್ಲಗ್ಗಿನ ಸಂದು ಕಮ್ಮಿ ಇಡೋದು. ಅದ್ಕೇ ರಿಪೇರಿ ಮಾಡಿದ್ಮೇಲೆ ಏರು ಹತ್ತಿಸಿ ನೋಡ್ದೆ ಗಾಡಿ ಕೊಡ್ಬಾರ್ದು. ಯಾರಿಗೂ ಕೊಡ್ಬಾರ್ದು. ನಿಮ್ಮಪ್ಪನಿಗೂ ಕೊಡ್ಬಾರ್ದು."

ಒಂದು ಸಿಲಿಂಡರಿನಲ್ಲಿ ಕಿಡಿ ತಪ್ಪಿದರೆ ಕಂಪ್ಯೂಟರಿಗೆ ಹೇಗೆ ಗೊತ್ತಾಗುತ್ತದೆ ಎಂದು ನಾನೇ ಒಮ್ಮೆ ಕೇಳಿದ್ದೆ. "ನಾಲ್ಕು ಜನ ಹೆಣ ಹೊತ್ತಿರ್ತಾರೆ. ಒಬ್ಬ ಹೆಗಲು ಬಿಟ್ರೆ ಮಿಕ್ಕೋರಿಗೆ ಗೊತ್ತಾಗಲ್ವಾ? ಇಂಜಿನ್ ಆ ಒಂದು ಗಳಿಗೆ ಮುಗ್ಗರಿಸ್ತದೆ. ಕಂಪ್ಯೂಟರ್ರು ಅದನ್ನ ಲೆಕ್ಕ ಇಟ್ಕೊಂಡು ಎದುರಿಗೆ ಲೈಟು ಹಾಕ್ತದೆ" ಎಂದರು. ಆ ಲೈಟಿನ ವಿಷಯದಲ್ಲಿ ಅವರಿಗೆ ಒಂದು ನಿಯಮವಿತ್ತು. ಅದನ್ನು ವರ್ಷದ ಮೊದಲ ದಿನವೇ ಹುಡುಗರಿಂದ ಬಾಯಿಪಾಠ ಹೇಳಿಸುವರು. ಲೈಟು ಸುಮ್ಮನೆ ಉರಿದರೆ ಗ್ಯಾರೇಜಿಗೆ ಹೋಗು. ಮಿಟುಕಿದರೆ ಅಲ್ಲೇ ನಿಲ್ಲು. ಯಾಕೆಂದರೆ ಮಿಟುಕುವ ಲೈಟೆಂದರೆ ಸುಡದ ಪೆಟ್ರೋಲು ಇಂಜಿನ್ ದಾಟಿ ಹೊಗೆ ಪೈಪಿಗೆ ಹೋಗುತ್ತಿದೆ ಎಂದು ಅರ್ಥ. ಆ ಪೈಪಿನ ನಡುವೆ ಹೊಗೆ ಶುದ್ಧ ಮಾಡುವ ಒಂದು ಡಬ್ಬಿ ಇರುತ್ತದೆ. ಅಲ್ಲಿ ಹೋಗಿ ಆ ಪೆಟ್ರೋಲು ಉರಿಯುತ್ತದೆ. ಡಬ್ಬಿ ಕುಲುಮೆಯ ಕಬ್ಬಿಣದಂತೆ ಕೆಂಪಗಾಗುತ್ತದೆ.

ಹುಡುಗರ ಮುಂದೆ ಹುಲಿಯಂತಿದ್ದ ಈ ಮನುಷ್ಯ ಒಬ್ಬರ ಮುಂದೆ ಮಾತ್ರ ಮಗುವಾಗುತ್ತಿದ್ದರು. ಅವರ ಅಕ್ಕ. ಆಪಾ ಎಂದು ಕರೆಯುತ್ತಿದ್ದರು. ತಾಯಿ ತೀರಿಕೊಂಡಾಗ ಇವರಿಗೆ ಐದು ವರ್ಷವಂತೆ, ಆಪಾಗೆ ಹದಿನೇಳು. ಶ್ರೀನಿವಾಸಪುರದಲ್ಲಿ ಬಟ್ಟೆ ಹೊಲಿದು ತಮ್ಮನನ್ನು ಓದಿಸಿದವರು. ಅವರು ನಮ್ಮ ಸಂಸ್ಥೆಗೆ ಬಂದದ್ದನ್ನು ನಾನು ಎರಡು ಮೂರು ಸಲ ನೋಡಿದ್ದೆ. ಗೌನಿಪಲ್ಲಿ ಕಡೆಯ ಮಾವಿನಹಣ್ಣಿನ ಚೀಲ ಹೊರಿಸಿಕೊಂಡು ಬಂದು, ಹುಡುಗರ ಮುಂದೆಯೇ, "ಏನೋ ಇದು ಅಂಗಿ, ಕನ್ನಡೀಲಿ ಮುಖ ನೋಡ್ಕೊಳ್ಳಲ್ವಾ ನೀನು?" ಎಂದು ಬೈದು ಅವರ ಜೇಬಿನ ಪ್ಲಗ್ಗುಗಳನ್ನು ತೆಗೆದು ಮೇಜಿನ ಮೇಲೆ ಇಟ್ಟಿದ್ದರು. ಹುಡುಗರು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕಿದ್ದರು. ಮೇಷ್ಟ್ರೂ ತಲೆ ಬಗ್ಗಿಸಿ ನಗುತ್ತ ನಿಂತಿದ್ದರು.

ಆ ಆಪಾ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಕೋಲಾರದಲ್ಲಿ ಆಪರೇಷನ್ ಆಯಿತು. ಒಂದೂವರೆ ತಿಂಗಳ ಮೇಲೆ ಮತ್ತೆ ಡಾಕ್ಟರಿಗೆ ತೋರಿಸಲು ಮಗ ತನ್ನ ಕಾರಿನಲ್ಲಿ ಕರೆದುಕೊಂಡು ಬಂದಿದ್ದ. ಸಣ್ಣ ಟರ್ಬೋ ಪೆಟ್ರೋಲ್ ಕಾರು. ಕಾಲು ಚಾಚಿಕೊಂಡು ಹಿಂದಿನ ಸೀಟಿನ ಉದ್ದಕ್ಕೂ ಒರಗಿದ್ದರು ಆಪಾ. ಬರುವಾಗ ದಾರಿಯಲ್ಲಿ ಲೈಟು ಮಿಟುಕಿತು ಎಂದು ಆಸ್ಪತ್ರೆ ಮುಗಿಸಿಕೊಂಡು ಮಗ ಗಾಡಿಯನ್ನು ಸೀದಾ ನಮ್ಮಲ್ಲಿಗೆ ತಂದ. ಅದು ಹುರುಳಿ ಒಕ್ಕಣೆಯ ಕಾಲ. ಮಧ್ಯಾಹ್ನ ಒಂದೂವರೆ ಇರಬಹುದು. ನಾನು ಊಟದ ಡಬ್ಬಿ ತೊಳೆದುಕೊಂಡು ವರ್ಕ್‌ಶಾಪಿನ ಮುಂದಿನ ನೆರಳಿಗೆ ಬಂದು ನಿಂತಿದ್ದೆ. ಮುಂದಿನದೆಲ್ಲ ನನ್ನ ಕಣ್ಣೆದುರೇ ನಡೆಯಿತು.

ಮೇಷ್ಟ್ರು ಕಾರಿನ ಕಂಪ್ಯೂಟರಿಗೆ ಸ್ಕ್ಯಾನರ್ ಯಂತ್ರ ಸಿಕ್ಕಿಸಿ ನೋಡಿದರು. ಮೂರನೇ ಸಿಲಿಂಡರಿನಲ್ಲಿ ಕಿಡಿ ತಪ್ಪುತ್ತಿದೆ ಎಂದು ತೋರಿಸಿತು. ಕಾಯಿಲ್ ಬಿಚ್ಚಿ, ತಿರುಗಿಸಿ ನೋಡಿ, "ಇದು ಸೊರಗಿದೆ" ಎಂದರು. ಪೇಟೆಯ ಅಂಗಡಿಗೆ ಫೋನು ಮಾಡಿದರು. ಆ ಗಾಡಿಯ ಕಾಯಿಲ್ ಇರಲಿಲ್ಲ, ಬೆಂಗಳೂರಿನಿಂದ ನಾಳೆ ಬರುತ್ತದೆ ಎಂದರು ಅಂಗಡಿಯವರು.

"ಆಪಾ, ಇವತ್ತು ನಮ್ಮನೇಲೇ ಉಳ್ಕೋ. ನಾಳೆ ಹೋಗಿವಂತೆ" ಎಂದರು ಮೇಷ್ಟ್ರು.

ಆಪಾ ಮುಖ ಕಿವುಚಿದರು. ಬೆಳಗಿನಿಂದ ಕಾರಿನಲ್ಲಿ ಒರಗಿ ಸೊಂಟ ಸಿಡಿಯುತ್ತಿತ್ತು. "ನೈ ರೇ, ಮೈಂ ಘರ್‌ಕು ಜಾತೂಂ" ಎಂದರು. ಮನೆಗೇ ಹೋಗಬೇಕು, ನನ್ನ ಹಾಸಿಗೆಯಲ್ಲೇ ಮಲಗಬೇಕು ಎಂದು ಹಟ. "ನಿನ್ನ ಮನೆ ಮಹಡಿ ಮೇಲೆ. ಹತ್ತಿಸೋದು ಯಾರು ನನ್ನ?" ಎಂದರು. ಬಿಸಿಲು ಕಾರಿನೊಳಗೆ ಬೀಳುತ್ತಿತ್ತು. ಅವರ ಹಣೆ ಬೆವರಿತ್ತು.

ಮೇಷ್ಟ್ರು ಕಾಯಿಲ್‌ನ ಮೊನೆಯನ್ನು ಉಜ್ಜಿ ಒರೆಸಿದರು. ಪ್ಲಗ್ಗು ತೊಳೆದು ಸಂದು ಸರಿಮಾಡಿದರು. ಎಲ್ಲವನ್ನೂ ಮತ್ತೆ ಅದೇ ಜಾಗದಲ್ಲಿ ಕೂರಿಸಿ, ಸ್ಕ್ಯಾನರಿನಲ್ಲಿ ಆ ದೋಷದ ದಾಖಲೆಯನ್ನು, ಅವರ ಮಾತಿನಲ್ಲಿ ಕೋಡನ್ನು, ಅಳಿಸಿದರು. ಲೈಟು ಹೋಯಿತು. ಇಂಜಿನ್ ಶುರುಮಾಡಿದರು. ನಿಂತ ಗಾಡಿ, ಖಾಲಿ ಓಡುವ ಇಂಜಿನ್ನು, ಸೊಗಸಾಗಿ ಓಡಿತು. ಅವರು ಬಾನೆಟ್ಟಿನ ಮೇಲೆ ಕೈಯಿಟ್ಟುಕೊಂಡು ಸುಮಾರು ಹೊತ್ತು ಕೇಳಿಸಿಕೊಂಡರು. ಏರು ಹತ್ತಿಸಿ ನೋಡಬೇಕೆಂದು ಅವರಿಗೆ ಅನ್ನಿಸಿತೆಂದು ನನಗೆ ಗೊತ್ತು. ಗೇಟಿನ ಆಚೆ ರಸ್ತೆಯ ಕಡೆ ಒಮ್ಮೆ ನೋಡಿದರು. ಆಮೇಲೆ ಹಿಂದಿನ ಸೀಟಿನ ಕಡೆ ನೋಡಿದರು.

"ಸಾಕು ಬಿಡೋ. ನೀನು ಮುಟ್ಟಿದ್ಮೇಲೆ ಇನ್ನೇನು?" ಎಂದರು ಆಪಾ.

"ನಿಧಾನಕ್ಕೆ ಹೋಗು. ನಾಳೆ ಸಂಜೆ ಕಾಯಿಲ್ ತಗೊಂಡು ನಾನೇ ಬರ್ತೀನಿ" ಎಂದು ಮೇಷ್ಟ್ರು ಆ ಸೋದರಳಿಯನಿಗೆ ಹೇಳಿ ಬಾನೆಟ್ಟು ಮುಚ್ಚಿದರು.

ಹೋಳೂರು ಕಡೆಯ ರಸ್ತೆಯಲ್ಲಿ ಒಂದು ಊರಿನ ಮುಂದೆ ಹುರುಳಿ ಗಿಡ ಹರಡಿದ್ದರು. ಹೋಗಿಬರುವ ಗಾಡಿಗಳ ಚಕ್ರಕ್ಕೆ ಸಿಕ್ಕಿ ಕಾಳು ಬಿಡಲಿ ಎಂದು ನಮ್ಮ ಕಡೆ ಎಲ್ಲರೂ ಮಾಡುವುದೇ. ಅದರ ಮೇಲೆ ಹಾದುಹೋದ ಕಾರಿನ ಹೊಟ್ಟೆಗೆ ಒಣಗಿದ ಬಳ್ಳಿ ಸುತ್ತಿಕೊಂಡಿತು. ಒಂದು ಫರ್ಲಾಂಗು ದಾಟುವಷ್ಟರಲ್ಲಿ ಕೆಳಗಿನಿಂದ ಹೊಗೆ ಬಂತು, ಹೊಗೆಯ ಹಿಂದೆಯೇ ಉರಿ. ಅಳಿಯ ಇಳಿದು ಹಿಂದಿನ ಬಾಗಿಲು ತೆಗೆದ. ತಾಯಿಯ ಕಾಲು ಮಡಿಸಲು ಬರುತ್ತಿರಲಿಲ್ಲ. ಎರಡು ಕೈ ಸುಡುವ ತನಕ ಎಳೆದ. ಇನ್ನು ಹೆಚ್ಚು ಬರೆಯುವುದು ನನ್ನಿಂದ ಆಗದು.

ಮಣ್ಣು ಮಾಡಿದ ಮಾರನೆಯ ದಿನ ಮೇಷ್ಟ್ರು ಆಸ್ಪತ್ರೆಯಲ್ಲಿದ್ದ ಅಳಿಯನ ಮಂಚದ ಪಕ್ಕ ಕೂತಿದ್ದರು. ನಾನೂ ಹೋಗಿದ್ದೆ. ಎರಡೂ ಕೈಗೆ ಬಟ್ಟೆ ಸುತ್ತಿಸಿಕೊಂಡಿದ್ದ ಆ ಮೂವತ್ತು ದಾಟಿದ ಗಂಡಸು ಗೋಡೆಯ ಕಡೆ ಮುಖ ಮಾಡಿಕೊಂಡು ಹೇಳಿದ: "ಮಾಮೂ, ಏರಿನಲ್ಲಿ ಲೈಟು ಮತ್ತೆ ಮಿಟುಕಿತ್ತು. ಗಾಡಿ ಎಗರಿ ಎಗರಿ ಎಳೀತಿತ್ತು. ನೀವು ಆಗಷ್ಟೇ ನೋಡಿದ್ರಲ್ಲ, ಏನೂ ಆಗಲ್ಲ ಅಂದ್ಕೊಂಡು ಹೊಡ್ದೆ."

ಮೇಷ್ಟ್ರು ಅವನ ತಲೆಯ ಮೇಲೆ ಕೈಯಿಟ್ಟರು.

ಆ ಹೊತ್ತಿಗಾಗಲೇ ಪೊಲೀಸರು ಹುರುಳಿ ಹರಡಿದ್ದ ಹೆಂಗಸಿನ ಮೇಲೆ ಕೇಸು ಹಾಕಿದ್ದರು. ಐವತ್ತರ ಆಸುಪಾಸಿನ ರೈತ ಹೆಂಗಸು. ಕಾರು ಪೂರ್ತಿ ಸುಟ್ಟಿತ್ತು, ಅದರ ಕಂಪ್ಯೂಟರೂ ಕರಗಿಹೋಗಿತ್ತು. ಪರೀಕ್ಷೆ ಮಾಡಿದವರಿಗೆ ಸಿಕ್ಕಿದ್ದು ಕೆಳಗೆ ಸುತ್ತಿಕೊಂಡಿದ್ದ ಬಳ್ಳಿಯ ಕರಿ ಮಾತ್ರ. ಅಳಿಯನೂ ಪೊಲೀಸರ ಮುಂದೆ ಹುರುಳಿಯ ವಿಷಯ ಹೇಳಿ ಲೈಟಿನ ವಿಷಯ ಬಿಟ್ಟಿದ್ದ. "ಅಮ್ಮೀನ ನಾನೇ ಕೊಂದೆ ಅಂತ ನನ್ನ ಬಾಯಲ್ಲಿ ಹೇಳಿಸ್ಬೇಡಿ ಮಾಮೂ" ಎಂದು ಅತ್ತ. ಮೇಷ್ಟ್ರು ಅವನನ್ನು ಮತ್ತೆ ಕೇಳಲಿಲ್ಲ. ತಮ್ಮ ಪಾಲಿನದನ್ನು ತಾವು ಹೇಳಲು ಹೊರಟರು.

"ಆ ದಿನ ಆ ಹುರುಳಿ ಮೇಲೆ ಎಷ್ಟೋ ಗಾಡಿ ಹೋಗಿದಾವೆ ಡ್ರಾಯಿಂಗ್ ಮೇಷ್ಟ್ರೇ. ಬಸ್ಸು, ಲಾರಿ, ಕಾರು ಎಲ್ಲಾ. ಆಪಾ ಇದ್ದ ಗಾಡಿಗೆ ಮಾತ್ರ ಯಾಕೆ ಬೆಂಕಿ ಹತ್ತಿತು? ಕೆಂಪಗೆ ಕಾದ ಡಬ್ಬಿಗೆ ಒಣ ಬಳ್ಳಿ ಸುತ್ಕೊಂತು, ಅದ್ಕೆ. ಡಬ್ಬಿ ಕಾಯ್ಸಿದ್ದು ನಾನು" ಎಂದರು. ಆಮೇಲೆ ಹೇಳಿದರು: "ನಾನು ಕೋಡ್ ಅಳಿಸಿದ್ದನ್ನ ನೀವು ನೋಡಿದ್ರಿ. ಸ್ಟೇಷನ್‌ನಲ್ಲಿ ಅಷ್ಟು ಹೇಳಿ ಸಾಕು. ನಂಗಿರೋ ಸಾಕ್ಷಿ ನೀವೊಬ್ರೇ."

ನಾನು ಹೂಂ ಎಂದೆ.

ಅವರು ಸ್ಟೇಷನ್ನಿಗೆ ಆ ಕೊಳವೆ, ಪಂಪು, ಬ್ಯಾಟರಿ ಎಲ್ಲವನ್ನೂ ಚೀಲದಲ್ಲಿ ಹೊತ್ತು ತಂದಿದ್ದರು. ಸಬ್ ಇನ್‌ಸ್ಪೆಕ್ಟರ್ ವಯಸ್ಸಿನಲ್ಲಿ ಸಣ್ಣವರು, ಮರ್ಯಾದಸ್ಥರು. ಕುರ್ಚಿ ಹಾಕಿಸಿದರು. ಮೇಷ್ಟ್ರು ಫೈಲುಗಳನ್ನು ಪಕ್ಕಕ್ಕೆ ಸರಿಸಿ ಮೇಜಿನ ಮೇಲೆ ಎಲ್ಲವನ್ನೂ ಜೋಡಿಸಿದರು. ಕಿಡಿ ಹಾರಿಸಿ ತೋರಿಸಿದರು. ಆಮೇಲೆ ತಾವೇ ಬಗ್ಗಿ ಪಂಪು ಹೊಡೆದರು. ಕಿಡಿ ನಿಂತಿತು. ಕಾನ್‌ಸ್ಟೇಬಲ್‌ಗಳೆಲ್ಲ ಸುತ್ತ ನಿಂತು ನೋಡುತ್ತಿದ್ದರು. ಏದುಸಿರಿನಲ್ಲೇ ಮೇಷ್ಟ್ರು ಹೇಳಿದರು: "ಹೊರಗೆ ಚೆನ್ನಾಗಿ ಕಾಣೋ ಕಾಯಿಲ್ಲು ಏರಿನಲ್ಲಿ ಹಿಂಗೆ ಸಾಯ್ತದೆ ಸಾರ್. ಇದನ್ನ ಮೂವತ್ತು ವರ್ಷದಿಂದ ಹೇಳ್ಕೊಡ್ತಾ ಇರೋನು ನಾನು. ಗೊತ್ತಿದ್ದೂ ಗಾಡಿ ಬಿಟ್ಟೆ. ಆ ಹೆಂಗಸಿನ ಹೆಸ್ರು ತೆಗೀರಿ, ನನ್ನ ಹೆಸ್ರು ಬರ್ಕೊಳ್ಳಿ."

ಸಬ್ ಇನ್‌ಸ್ಪೆಕ್ಟರ್ ಕೊಳವೆಯಿಂದ ಕಣ್ಣು ತೆಗೆದು ಮೇಷ್ಟ್ರ ಕಡೆ ತಿರುಗಿದರು. "ಮೇಷ್ಟ್ರೇ, ನಿಮ್ಮ ಸಂಕಟ ನಂಗೆ ಗೊತ್ತಾಗ್ತದೆ. ಆದ್ರೆ ಆ ಕೋಡು ಇತ್ತು ಅನ್ನೋಕೆ ಈಗ ಏನಿದೆ ನಿಮ್ಮತ್ರ?"

"ಅಳಿಸ್ಬಿಟ್ಟೆ ಸಾರ್. ನಾನೇ ಅಳಿಸ್ಬಿಟ್ಟೆ" ಎಂದರು ಮೇಷ್ಟ್ರು. ಆಮೇಲೆ ನನ್ನ ಕಡೆ ತಿರುಗಿ, "ಇವರು ನೋಡಿದಾರೆ" ಎಂದರು.

ಹಿಂದಿನ ಸಂಜೆ ನಮ್ಮ ಪ್ರಿನ್ಸಿಪಾಲರು ನನ್ನನ್ನು ಕರೆಸಿಕೊಂಡಿದ್ದರು. ರಿಪೇರಿ ಆದದ್ದು ನಮ್ಮ ಅಂಗಳದಲ್ಲಿ, ಸಂಸ್ಥೆಯ ಹೆಸರು ಕೋರ್ಟಿಗೆ ಹೋದರೆ ಬಾಗಿಲು ಹಾಕಬೇಕಾಗುತ್ತದೆ, ಅವರ ದುಃಖದಲ್ಲಿ ಅವರೇನೋ ಹೇಳುತ್ತಾರೆ, ನೀವು ಅದಕ್ಕೆ ತಲೆ ಕೊಟ್ಟು ಅವರನ್ನು ಜೈಲಿಗೆ ಕಳಿಸುತ್ತೀರಾ ಎಂದು ಕೇಳಿದ್ದರು. ಆ ಕೊನೆಯ ಮಾತು ನನಗೆ ಬಹಳ ಅನುಕೂಲವಾಗಿ ಕಂಡಿತ್ತು. ಸ್ನೇಹಿತನನ್ನು ಉಳಿಸುತ್ತಿದ್ದೇನೆ ಎಂದು ನನಗೆ ನಾನೇ ಹೇಳಿಕೊಂಡಿದ್ದೆ.

"ನಾನು ಡ್ರಾಯಿಂಗ್ ಹೇಳ್ಕೊಡೋನು ಸಾರ್. ಇಂಜಿನ್ ವಿಷ್ಯ ನಂಗೆ ಗೊತ್ತಾಗಲ್ಲ. ಅವತ್ತು ಅವರು ಏನೋ ನೋಡ್ತಾ ಇದ್ರು, ಏನು ಅಂತ ನಾನು ಗಮನಿಸ್ಲಿಲ್ಲ" ಎಂದೆ.

ಮೇಷ್ಟ್ರು ನನ್ನ ಮುಖ ನೋಡಿದರು. ಬಗ್ಗಿ, ಪಂಪಿನ ಕೊಳವೆ ಸುತ್ತಿ, ಒಂದೊಂದಾಗಿ ಎಲ್ಲವನ್ನೂ ಚೀಲಕ್ಕೆ ತುಂಬಿದರು. ಹೊರಗೆ ಬಂದಮೇಲೆ, "ಬನ್ನಿ, ಟೀ ಕುಡ್ಯೋಣ" ಎಂದರು. ಅಷ್ಟೇ. ಅದಾದ ಮೇಲೆ ನಾಲ್ಕು ವರ್ಷ ಬದುಕಿದ್ದರು. ಆ ವಿಷಯ ಒಂದು ಸಲವೂ ಎತ್ತಲಿಲ್ಲ. ಎತ್ತಿ ಬೈದಿದ್ದರೆ ನಾನು ಇಷ್ಟು ಸಣ್ಣವನಾಗುತ್ತಿರಲಿಲ್ಲವೇನೋ.

ಕೇಸು ಎಳೆದಾಡಿ, ದೊಡ್ಡ ಕಲಂ ಬಿಟ್ಟುಹೋಗಿ, ರಸ್ತೆಗೆ ಅಡ್ಡಿ ಮಾಡಿದ ಸಣ್ಣ ಕಲಂ ಉಳಿಯಿತು. ಒಪ್ಪಿಕೊಂಡುಬಿಡು, ದಂಡ ಕಟ್ಟಿ ಮನೆಗೆ ಹೋಗಬಹುದು ಎಂದು ವಕೀಲರು ಆ ಹೆಂಗಸಿಗೆ ಹೇಳಿದ್ದರು. ಆ ದಿನ ಮೇಷ್ಟ್ರು ಕೋರ್ಟಿಗೆ ಹೋದರು, ನಾನೂ ಜೊತೆಗೆ ಹೋದೆ. ತಪ್ಪು ಒಪ್ಪಿಕೊಂಡು ಹೊರಗೆ ಬಂದ ಆ ಹೆಂಗಸು ವರಾಂಡದಲ್ಲಿ ಇವರನ್ನು ಕಂಡು ಸೀದಾ ಬಂದು ಕಾಲಿಗೆ ಬಿದ್ದಳು.

"ನಿಮ್ಮಕ್ಕನ್ನ ಸುಟ್ಬಿಟ್ನಲ್ಲಾ ಸಾಮೀ. ಅಯ್ಯೋ ದೇವುಡಾ, ಒಂದು ಮೂಟೆ ಕಾಳಿಗೋಸ್ಕರ ಒಂದು ಜೀವ ಸುಟ್ಬಿಟ್ನಲ್ಲಾ!"

ಮೇಷ್ಟ್ರು ಅಲ್ಲೇ ನೆಲದ ಮೇಲೆ ಅವಳ ಎದುರಿಗೆ ಕುಕ್ಕರಗಾಲಲ್ಲಿ ಕೂತರು. "ನೀನಲ್ಲಮ್ಮ. ನಾನು. ಗಾಡೀಲಿ ದೋಷ ಇತ್ತು, ನಾನು ನೋಡ್ದೆ ಕಳ್ಸಿದೆ. ನಿನ್ನ ಹುರುಳಿ ಇಲ್ದಿದ್ರೂ ಆ ಗಾಡಿ ಮುಂದೆ ಎಲ್ಲಾದ್ರೂ ಕೆಡೋದೇ" ಎಂದರು. ಅರ್ಥವಾಗಲಿ ಎಂದು ತೆಲುಗಿನಲ್ಲೂ ಹೇಳಿದರು.

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ಅವರನ್ನೇ ನೋಡಿದಳು. "ದೊಡ್ಡ ಮನಸ್ಸು ಸಾಮೀ ನಿಮ್ದು. ಅದ್ಕೇ ಹಿಂಗಂತೀರ. ಅಕ್ಕನ್ನ ಕಳ್ಕೊಂಡೂ ನಂಗೇ ಸಮಾಧಾನ ಹೇಳ್ತೀರ" ಎಂದಳು.

ಅಲ್ಲಿಂದಾಚೆ ಅವರು ಆ ಊರಿಗೆ ಎರಡು ಮೂರು ಸಲ ಹೋಗಿಬಂದರು. ಅವಳಿಗೆ ತಿಳಿಯುವಂತೆ ಹೇಳಬೇಕು ಎಂಬುದೊಂದೇ ಅವರಿಗೆ ಉಳಿದಿದ್ದ ಕೆಲಸ. ಹೋದಾಗಲೆಲ್ಲ ಅವಳು ಜಗಲಿಯ ಮೇಲೆ ಚಾಪೆ ಹಾಸಿ ಮಜ್ಜಿಗೆ ಕೊಡುವಳಂತೆ, ಎಲ್ಲವನ್ನೂ ತಲೆಯಾಡಿಸಿ ಕೇಳುವಳಂತೆ, ಕೊನೆಗೆ ಕೈ ಮುಗಿಯುವಳಂತೆ. ಬಂದು ನನಗೆ ಒಂದು ಸಂಗತಿ ಹೇಳಿದರು. ಆ ಹೆಂಗಸು ಒಲೆ ಹಚ್ಚುವುದನ್ನು ಬಿಟ್ಟಿದ್ದಳು. ಸೊಸೆ ಅಡಿಗೆಗೆ ಕೂತರೆ, ಉರಿ ಎದ್ದದ್ದನ್ನು ಕಂಡರೆ, ಎದ್ದು ಹೊರಗೆ ಹೋಗುತ್ತಿದ್ದಳು. "ನಾನು ಹಚ್ಚಿದ ಬೆಂಕಿ ಆಯಮ್ಮನ ಮನೇಲಿ ಉರೀತಾ ಇದೆ ಮೇಷ್ಟ್ರೇ. ಆರ್ಸೋಕೆ ನಂಗೆ ಆಗ್ತಾ ಇಲ್ಲ" ಎಂದರು.

ಕ್ಲಾಸಿನಲ್ಲಿ ಅವರು ಕಿಡಿಯ ಪಾಠ ನಿಲ್ಲಿಸಿದರು. ಬ್ರೇಕು, ಗೇರು, ಕ್ಲಚ್ಚು ಹೇಳುವರು. ಹುಡುಗರು ಕೇಳಿದರೆ, "ಪುಸ್ತಕದಲ್ಲಿ ಇದೆ, ಓದ್ಕೊಳ್ಳಿ" ಎನ್ನುವರು. ಈಗ ಬೆಲ್ಲು ಹೊಡೆಯುವ ಮೊದಲೇ ಹೊರಗೆ ಬಂದುಬಿಡುತ್ತಿದ್ದರು. ಜೇಬು ಖಾಲಿ. ನಿವೃತ್ತಿಯ ದಿನ ಹಾರ ಹಾಕಲು ಬಿಡಲಿಲ್ಲ. ಶ್ರೀನಿವಾಸಪುರಕ್ಕೆ ಹೋಗಿ ಆಪಾ ಮನೆಯ ಹಿಂದಿನ ಕೋಣೆಯಲ್ಲಿ ಉಳಿದರು. ಅಳಿಯ ಅವರನ್ನು ಚೆನ್ನಾಗಿಯೇ ನೋಡಿಕೊಂಡ. ಆದರೆ ಒಂದೇ ಮನೆಯಲ್ಲಿದ್ದ ಆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿ ಮಾತಾಡಿದ್ದನ್ನು ನಾನು ಕಾಣೆ. ಸಕ್ಕರೆ ಕಾಯಿಲೆ ಏರಿತು. ಮಾತ್ರೆ ತಂದುಕೊಟ್ಟರೆ ದಿಂಬಿನ ಕೆಳಗೆ ಇಡುತ್ತಿದ್ದರು. ಕೊನೆಯ ಸಲ ನಾನು ಹೋದಾಗ ಆಪಾ ಮಲಗುತ್ತಿದ್ದ ಮಂಚ ತೋರಿಸಿ, "ಇಲ್ಲಿಗೆ ಬರ್ಬೇಕು ಅಂತಾನೇ ಅವ್ಳು ಹಟ ಮಾಡಿದ್ದು" ಎಂದರು.

ಅವರು ಹೋದ ಮೂರನೆಯ ದಿನದ ಜಿಯಾರತ್ ಪ್ರಾರ್ಥನೆಗೆ ನಾನು ಮತ್ತೆ ಶ್ರೀನಿವಾಸಪುರಕ್ಕೆ ಹೋಗಿದ್ದೆ. ಆ ಹೆಂಗಸೂ ಬಸ್ಸು ಹಿಡಿದು ಬಂದಿದ್ದಳು. ಮನೆಯವರ ನಡುವೆ ಹೇಗಿರಬೇಕೆಂದು ತಿಳಿಯದೆ ಬೀದಿಯ ಬೇವಿನ ಮರದ ಕೆಳಗೆ ನಿಂತಿದ್ದಳು. ಹೊರಡುವಾಗ ಬಸ್ ಸ್ಟಾಂಡಿನ ತನಕ ನಾನು ಜೊತೆಗೆ ನಡೆದೆ. ದಾರಿಯುದ್ದಕ್ಕೂ ಅವಳು ಅವರ ಗುಣವನ್ನೇ ಹೇಳಿದಳು. "ಅಂಥೋರು ಹುಟ್ಟಲ್ಲ ಸಾ. ನನ್ನ ಪಾಪ ತಮ್ಮ ತಲೆ ಮೇಲೆ ಹಾಕ್ಕೊಂಡ್ರು" ಎಂದಳು.

ನಾನು ನಿಂತೆ. ಈಗಲಾದರೂ ಹೇಳಬೇಕು ಎನ್ನಿಸಿತು. "ಅಮ್ಮ, ಅವರು ಹೇಳಿದ್ದು ಸಮಾಧಾನದ ಮಾತಲ್ಲ. ನಿಜ. ಅವತ್ತು ನಾನು ಅಲ್ಲೇ ಇದ್ದೆ. ಗಾಡೀಲಿ ದೋಷ ಇತ್ತು. ಯಂತ್ರ ತೋರಿಸ್ತು, ಅವರು ಅದನ್ನ ಅಳಿಸಿ, ಓಡ್ಸಿ ನೋಡ್ದೆ ಕಳಿಸಿದ್ರು. ನಾನು ಕಣ್ಣಾರೆ ಕಂಡಿದೀನಿ" ಎಂದೆ. ಕಿಡಿ, ಕಾಯಿಲ್ಲು, ಕೆಂಪಗಾಗುವ ಡಬ್ಬಿ ಎಲ್ಲವನ್ನೂ ಹೇಳಿದೆ. ಮೇಷ್ಟ್ರ ಬಾಯಲ್ಲಿ ಕೇಳಿದ್ದ ಹಾಗೆಯೇ ಒಂದೂ ಬಿಡದೆ ಹೇಳಿದೆ.

ಅವಳು ತಾಳ್ಮೆಯಿಂದ ಕೇಳಿದಳು.

"ಹಿಂಗೆ ಹೇಳಿ ಅಂತ ಸಾಯೋ ಮುಂಚೆ ಅವರೇನಾದ್ರೂ ನಿಮ್ಗೆ ಹೇಳಿದ್ರಾ ಸಾ?"

"ಇಲ್ಲಮ್ಮ. ನಾನಾಗೇ ಹೇಳ್ತಾ ಇದೀನಿ. ನಿಜವಾಗ್ಲೂ ನೋಡಿದೀನಿ."

"ನೋಡಿದ್ರೆ ಅವತ್ತೇ ಪೊಲೀಸ್ನೋರ ಹತ್ರ ಹೇಳ್ತಿದ್ರಿ ಅಲ್ವಾ ಸಾ ನೀವು" ಎಂದಳು.

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಓದಿದ ಮೇಷ್ಟ್ರೊಬ್ಬರು ಕಣ್ಣಾರೆ ಕಂಡದ್ದನ್ನು ಬಚ್ಚಿಟ್ಟಾರೆಂದು ಅವಳಿಗೆ ತೋಚಿರಲೇ ಇಲ್ಲ. ಕೋಲಾರದ ಬಸ್ಸು ಬಂತು. ಅವಳು ನನಗೂ ಕೈ ಮುಗಿದು, "ನೀವೂ ಒಳ್ಳೇವ್ರು ಸಾ, ಬರ್ತೀನಿ" ಎಂದು ಹತ್ತಿದಳು.